ತಾಂಬೂಲದ ಚೀಲದಲ್ಲಿ ಕೊಟ್ಟ ಟಾರ್ಚು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಕೋಪಕ್ಕಿಂತ ಮೊದಲು ನನಗೆ ಬರುವುದು ಭಯ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೋದ ವರ್ಷ ದಸರೆಯ ಗೊಂಬೆಗಳನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದ ವಾರ, ಆ ಭಯ ನನ್ನನ್ನು ಜಯನಗರದಿಂದ ಸಾರಕ್ಕಿಗೆ, ಆಮೇಲೆ ಇಟ್ಟಮಡುವಿಗೆ, ಕಡೆಗೆ ಬಿಟಿಎಂ ಲೇಔಟಿಗೆ ಓಡಿಸಿತು. ಕಾರಣ ಒಂದು ಟಾರ್ಚು.

ಅದರ ಹಿಂದಿನ ಮಾಘದಲ್ಲಿ ನಮ್ಮನೆಯವರಿಗೆ ಅರವತ್ತರ ಶಾಂತಿ ಮಾಡಿದೆವು, ಬನಶಂಕರಿಯ ಒಂದು ಛತ್ರದಲ್ಲಿ. ಬಂದವರಿಗೆ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆಯ ಜೊತೆ ಏನಾದರೂ ಒಂದು ವಸ್ತು ಇಡಬೇಕಲ್ಲ. ಸ್ಟೀಲ್ ಬಟ್ಟಲು ಕೊಡೋಣ ಎಂದು ಇವರು. ನಾನು ಸುತರಾಂ ಒಪ್ಪಲಿಲ್ಲ. ನಮ್ಮಂಥವರ ಮನೆಗಳಲ್ಲೆಲ್ಲ ಬೀರುವಿನ ಮೇಲಿನ ತಟ್ಟಿನಲ್ಲಿ ಹೀಗೆ ಬಂದ ವಸ್ತುಗಳ ಒಂದು ರಾಶಿಯೇ ಇರುತ್ತದೆ. ಬಿಚ್ಚಿಯೂ ನೋಡಿರುವುದಿಲ್ಲ. ಮುಂದಿನ ಗೃಹಪ್ರವೇಶಕ್ಕೋ ಸೀಮಂತಕ್ಕೋ ಅದೇ ಡಬ್ಬ ಹೊಸ ಚೀಲ ಹೊಕ್ಕು ಹೊರಡುತ್ತದೆ. ನನ್ನ ಬೀರುವಿನಲ್ಲೂ ಆ ತಟ್ಟು ಇದೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ ಅಷ್ಟೆ. ನಮ್ಮ ಶಾಂತಿಯ ವಸ್ತುವಾದರೂ ಹಾಗೆ ಮನೆಯಿಂದ ಮನೆಗೆ ಅಲೆಯಬಾರದು, ಜನ ದಿನಾ ಬಳಸಬೇಕು ಎಂದು ನನ್ನ ಹಟ. ಕರೆಂಟು ಹೋದಾಗಲೆಲ್ಲ ನಮ್ಮ ನೆನಪಾಗಲಿ, ಟಾರ್ಚು ಕೊಡೋಣ ಎಂದೆ. ನೆನಪು ಹೇಗೆ ಬಂತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ನಾವು ಇಪ್ಪತ್ತು ವರ್ಷದಿಂದ ಹೋಗುವ ಒಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಅಂಗಡಿಯವರು ಅದೇ ಊರಿನ ಹಳಬರು. ಅವರ ತಂದೆ ಕೆರೆಯ ಕೆಳಗೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಅವರ ಕಟ್ಟಡ. ಮೇಲೆ ಬಾಡಿಗೆ ಮನೆಗಳು, ಕೆಳಗೆ ಅಂಗಡಿ. ಅವರು ನಾಲ್ಕು ಥರದ ಟಾರ್ಚುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರು. ನಾನು ಪಾತ್ರೆ ಅಂಗಡಿಯಲ್ಲಿ ಮಾಡುವಂತೆ ಒಂದೊಂದನ್ನೂ ಕೈಯಲ್ಲಿ ಹಿಡಿದು ತೂಗಿದೆ. ಒಂದು ಮಾತ್ರ ಭಾರವಾಗಿ, ಘನವಾಗಿ ಕೂತಿತು ಅಂಗೈಯಲ್ಲಿ. ಕಪ್ಪು ಮೈ, ಸ್ಕ್ರೂ ಕಾಣಿಸುವುದಿಲ್ಲ, ಹಿಂದೆ ಚಾರ್ಜಿಗೆ ಒಂದು ತೂತು. ಇದೇ ಇರಲಿ ಎಂದೆ. ಮನೆಗೆ ತಂದು ಡಬ್ಬದ ಮೇಲೆ ಇವರ ಹೆಸರು, ತಾರೀಕು ಇರುವ ಚಿನ್ನದ ಬಣ್ಣದ ಸ್ಟಿಕ್ಕರುಗಳನ್ನು ನಾನೇ ಕೂತು ಅಂಟಿಸಿದೆ.

ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಡಬ್ಬದ ಮೇಲಿನ ಸಣ್ಣ ಅಕ್ಷರ ಓದದೆ ನಾನು ಯಾವ ಪದಾರ್ಥವನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ನಮ್ಮ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಯಾರದೋ ಹುಟ್ಟುಹಬ್ಬದಲ್ಲಿ ಒಂದು ಬಿಸ್ಕತ್ತು ತಿಂದು ತುಟಿ, ಕಣ್ಣು ಎಲ್ಲಾ ಊದಿಕೊಂಡು, ಉಸಿರು ಎಳೆಯಲಾಗದೆ ನನ್ನ ತೊಡೆಯ ಮೇಲೆ ಒದ್ದಾಡಿದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಅವತ್ತಿನಿಂದ ಕೈಚೀಲದಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡೇ ಅಂಗಡಿಗೆ ಹೋಗುತ್ತೇನೆ. ಬಿಸ್ಕತ್ತಿನ ಪೊಟ್ಟಣ ಹಿಡಿದು ಕಿಟಕಿಯ ಬೆಳಕಿಗೆ ನಿಂತರೆ, "ಏನು ಮೇಡಂ, ಪರೀಕ್ಷೆಗೆ ಓದ್ತಿದೀರಾ?" ಎಂದು ದಿನಸಿ ಅಂಗಡಿಯವರು ನಗುತ್ತಿದ್ದರು. ನಗಲಿ, ನನಗೇನು. ಮಗಳಿಗೂ ಕಲಿಸಿದ್ದೆ. ಯಾರ ಮನೆಗೆ ಹೋಗಲಿ, ಏನೇ ಕೊಡಲಿ, ಅವಳು ಮೊದಲು ನನ್ನ ಕಡೆ ತಿರುಗಿ, "ಅಮ್ಮ, ಇದ್ರಲ್ಲಿ ಏನಿದೆ?" ಎಂದು ಕೇಳಬೇಕು. ದೇವಸ್ಥಾನದ ಪ್ರಸಾದಕ್ಕೂ ಕೇಳುತ್ತಿದ್ದಳು. ಒಂದು ಸಲ ಅರ್ಚಕರು ಸಿಟ್ಟಾಗಿ, "ದೇವರ ಪ್ರಸಾದದಲ್ಲಿ ಏನಿರತ್ತಮ್ಮ, ಪ್ರಸಾದ ಇರತ್ತೆ," ಎಂದರು. ಆದರೂ ಅವಳು ನಾನು ತಲೆ ಆಡಿಸುವವರೆಗೆ ಬಾಯಿಗೆ ಹಾಕಿಕೊಳ್ಳಲಿಲ್ಲ.

ಅಂಥ ನಾನು ಟಾರ್ಚಿನ ಡಬ್ಬ ಓದಲಿಲ್ಲ. ತಿನ್ನುವ ವಸ್ತು ಅಲ್ಲವಲ್ಲ ಎಂದು.

ದಸರೆಯಾದ ವಾರ ಒಂದು ಬೆಳಿಗ್ಗೆ ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಇಂಗಿನ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು, ಸಿಹಿಯಾಗಿ, ಮೂಗು ಕಟ್ಟುವ ಹಾಗೆ. ಒಲೆ ಆರಿಸಿ ನೋಡಿದರೆ ಅಲ್ಲೇನೂ ಇಲ್ಲ. ದೇವರ ಮನೆಯ ಪಕ್ಕದ ಗೂಡಿನಲ್ಲಿ ನಾವು ನಮಗಾಗಿ ಇಟ್ಟುಕೊಂಡಿದ್ದ ಟಾರ್ಚು ಚಾರ್ಜಿಗೆ ಹಾಕಿತ್ತು. ಅದರ ಮೈ ಮಧ್ಯದಲ್ಲಿ ಉಬ್ಬಿ, ಜೋಡಿಸಿದ ಗೆರೆ ಬಿರಿದು, ಒಳಗಿಂದ ಸಣ್ಣಗೆ ಹೊಗೆ ಬರುತ್ತಿತ್ತು. ನಾನು ಕೂಗಿದ ಕೂಗಿಗೆ ಇವರು ಅರ್ಧ ಗಡ್ಡ ಕೆರೆದುಕೊಂಡಿದ್ದವರು ಹಾಗೇ ಓಡಿಬಂದು, ಸ್ವಿಚ್ ಆರಿಸಿ, ಇಕ್ಕಳದಲ್ಲಿ ಹಿಡಿದು ಬಾಲ್ಕನಿಯ ಮಣ್ಣಿನ ಕುಂಡದೊಳಗೆ ಹಾಕಿದರು. ಗೂಡಿನ ಮರ ಕಪ್ಪಾಗಿತ್ತು. ಅದರ ಮೇಲೆಯೇ ನೇತಾಡುತ್ತಿದ್ದದ್ದು ಎಣ್ಣೆಬತ್ತಿಯ ಪೊಟ್ಟಣ.

"ಸದ್ಯ, ನಾವು ಮನೇಲಿದ್ವಿ," ಎಂದರು ಇವರು.

ನನಗೆ ಆ 'ಸದ್ಯ' ಒಂದು ನಿಮಿಷವೂ ಬಾಳಲಿಲ್ಲ. ನಾವು ಮನೆಯಲ್ಲಿದ್ದೆವು, ಸರಿ. ಉಳಿದವರು? ಅರವತ್ತು ಮನೆಗೆ ನನ್ನ ಕೈಯಾರೆ ಇದನ್ನೇ ಕೊಟ್ಟಿದ್ದೇನಲ್ಲ. ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು ಕೊಟ್ಟಿದ್ದೇನೆ. ಯಾರ ಮನೆಯಲ್ಲಿ ಯಾವ ಪರದೆಯ ಕೆಳಗೆ, ಯಾರ ತಲೆದಿಂಬಿನ ಪಕ್ಕದಲ್ಲಿ ಇದು ಕೂತಿದೆಯೋ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಒಂದೇ ಒಂದು ಸಮಾಧಾನ ಇತ್ತು. ಹೆತ್ತ ಮಕ್ಕಳಿಗೆ ತಾಂಬೂಲದ ಚೀಲ ಕೊಡುವ ಪದ್ಧತಿ ಇಲ್ಲ, ಹಾಗಾಗಿ ಬಿಟಿಎಂನಲ್ಲಿರುವ ಮಗಳ ಮನೆಗೆ ಇದು ಹೋಗಿಲ್ಲ. ಅಲ್ಲಿ ಐದು ತಿಂಗಳ ಕೂಸಿದೆ. ಬಾಣಂತನ ಮುಗಿಸಿ ಗಣೇಶನ ಹಬ್ಬವಾದ ಮೇಲೆ ತಾಯಿ ಮಗು ಇಬ್ಬರನ್ನೂ ಕಳಿಸಿಕೊಟ್ಟಿದ್ದೆ. ಸುಮ್ಮನೆ ಗಾಬರಿಯಾಗುವುದು ಬೇಡವೆಂದು ಅವಳಿಗೆ ಈ ಸುದ್ದಿಯನ್ನೂ ತಿಳಿಸಲಿಲ್ಲ.

ಡಬ್ಬ ಹುಡುಕಿ ತೆಗೆದೆ. ಭೂತಗನ್ನಡಿ ಹಿಡಿದು ಆರೂ ಮುಖ ಓದಿದೆ. ಎಷ್ಟು ದೂರ ಬೆಳಕು ಬೀಳುತ್ತದೆ ಎಂದಿದೆ. ನೀರು ಬಿದ್ದರೂ ಏನೂ ಆಗುವುದಿಲ್ಲ ಎಂದಿದೆ. ಮೂರು ಬಗೆಯ ಬೆಳಕು, ಒಂದು ವರ್ಷ ಗ್ಯಾರಂಟಿ, ಒಬ್ಬ ಗಡ್ಡದ ಗಂಡಸು ಬೆಟ್ಟದ ಮೇಲೆ ಟಾರ್ಚು ಹಿಡಿದು ನಿಂತ ಚಿತ್ರ. ಒಳಗೆ ಯಾವ ಬ್ಯಾಟರಿ, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಚಾರ್ಜು ತುಂಬಿದ ಮೇಲೆ ತಾನೇ ನಿಲ್ಲುತ್ತದೋ ಇಲ್ಲವೋ, ಒಂದಕ್ಷರ ಇಲ್ಲ. ಎರಡು ರೂಪಾಯಿಯ ಚಾಕಲೇಟಿನವನು ಒಳಗೆ ಏನೇನು ಹಾಕಿದ್ದೇನೆ ಎಂದು ಸಾಲಾಗಿ ಬರೆಯಬೇಕು, ಇವನಿಗೆ ಆ ಬಾಧೆಯೇ ಇಲ್ಲ. ನನ್ನ ಕೋಪ ನೆತ್ತಿಗೇರಿತು.

ಡಬ್ಬದ ಮೂಲೆಯಲ್ಲಿ ಒಂದು ಫೋನ್ ನಂಬರು ಇತ್ತು. ಮಾಡಿದೆ. ಮೊದಲು ಹಿಂದಿ, ಆಮೇಲೆ ಹಾಡು, ಆಮೇಲೆ ಒಬ್ಬ ಹುಡುಗಿ ಕನ್ನಡದಲ್ಲಿ ಬಂದಳು. ನಡೆದದ್ದು ಹೇಳಿದೆ.

"ಸಾರಿ ಮೇಡಂ. ನಿಮಗೆ ಹೊಸ ಪೀಸ್ ಕಳಿಸ್ತೀವಿ," ಎಂದಳು.

"ಹೊಸದು ಬೇಡಮ್ಮ. ಇದರೊಳಗಿರೋ ಬ್ಯಾಟರಿ ಯಾವುದು ಹೇಳು."

"ಹೈ ಕ್ವಾಲಿಟಿ ಬ್ಯಾಟರಿ ಮೇಡಂ."

"ಕ್ವಾಲಿಟಿ ಅನ್ನೋದು ಬ್ಯಾಟರಿ ಹೆಸರಾ? ಯಾರು ಮಾಡಿದ್ದು? ಚಾರ್ಜ್ ಜಾಸ್ತಿಯಾದ್ರೆ ನಿಲ್ಲಿಸೋದಕ್ಕೆ ಒಳಗೇನಾದ್ರೂ ಇದೆಯಾ?"

ಕಂಪ್ಯೂಟರಿನ ಕೀ ಒತ್ತುವ ಸದ್ದು ಕೇಳಿಸಿತು. "ಇಂಟರ್ನಲ್ ಪಾರ್ಟ್ಸ್ ಡೀಟೇಲ್ಸ್ ನಮ್ಮ ಸಿಸ್ಟಮ್‌ನಲ್ಲಿ ತೋರಿಸಲ್ಲ ಮೇಡಂ. ಅದು ಕಂಪನಿ ಹೊರಗಡೆ ಹೇಳಲ್ಲ."

"ಹೋಗ್ಲಿ, ನೀನು ಕಳಿಸ್ತೀನಿ ಅಂದ ಹೊಸದರೊಳಗೆ ಏನಿರತ್ತೆ?"

"ಅದೇ ಮೇಡಂ," ಎಂದಳು. ಪಾಪ, ಅವಳ ದನಿಯೂ ಸಣ್ಣದಾಗಿತ್ತು. ಅವಳ ಮೇಲೆ ರೇಗಿ ಏನು ಬಂತು ಎಂದು ಫೋನ್ ಇಟ್ಟೆ.

ಮಾರನೆಯ ದಿನ, ಹೊಗೆ ಎಲ್ಲ ನಿಂತು ತಣ್ಣಗಾದ ಮೇಲೆ, ಆ ಹೆಣವನ್ನು ಒಂದು ಹಳೆಯ ಸ್ಟೀಲ್ ಡಬ್ಬದಲ್ಲಿ ಮರಳಿನ ಮೇಲೆ ಇಟ್ಟುಕೊಂಡು ಸಾರಕ್ಕಿಗೆ ಹೋದೆವು. ಅಂಗಡಿಯವರು ಮೊದಲು ಒಪ್ಪಲಿಲ್ಲ. "ರಾತ್ರಿಯೆಲ್ಲ ಚಾರ್ಜಿಗೆ ಹಾಕಿರ್ತೀರ ಮೇಡಂ," ಎಂದರು. ನಾನು ಡಬ್ಬದ ಮುಚ್ಚಳ ತೆಗೆದು ಅವರ ಮೂಗಿನ ಕೆಳಗೆ ಹಿಡಿದೆ. ಅವರ ಮುಖ ಸಪ್ಪಗಾಯಿತು. ಅಂಗಡಿಯ ಹೊರಗೆ ಚಪ್ಪಡಿಯ ಮೇಲೆ ಇಟ್ಟು, ಕುಕ್ಕರಗಾಲಲ್ಲಿ ಕೂತು, ಗರಗಸದ ಅಲಗಿನಿಂದ ಗೆರೆಯ ಗುಂಟ ಮೆಲ್ಲಗೆ ಕೊಯ್ದರು. ಅಂಟು ಹಾಕಿ ಮುಚ್ಚಿದ್ದ ಮೈ ಎರಡು ಹೋಳಾಯಿತು.

ಮೊದಲು ಬಿದ್ದದ್ದು ಒಂದು ಕಬ್ಬಿಣದ ಬಿಲ್ಲೆ. ಯಾವುದಕ್ಕೂ ಸೇರಿಲ್ಲ, ಒಂದು ತೊಟ್ಟು ಅಂಟಿನಲ್ಲಿ ಕೂರಿಸಿದ್ದರು.

"ಇದು ಯಾತಕ್ಕೆ?" ಎಂದೆ.

"ತೂಕಕ್ಕೆ ಮೇಡಂ. ಕೈಲಿ ಹಿಡಿದ್ರೆ ಭಾರ ಇರ್ಲಿ ಅಂತ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ಬಿಲ್ಲೆಯನ್ನೇ ಅಲ್ಲವೇ ನಾನು ಅಂಗೈಯಲ್ಲಿ ತೂಗಿ ಮೆಚ್ಚಿದ್ದು. ಅವರು ಬ್ಯಾಟರಿಯ ಮೇಲಿನ ನೀಲಿ ಪ್ಲಾಸ್ಟಿಕ್ ಸುಲಿದರು. ಅದರ ಕೆಳಗೆ ಇನ್ನೊಂದು ಪ್ಲಾಸ್ಟಿಕ್, ಮಾಸಿದ ಹಸಿರು, ಅರ್ಧ ಉಜ್ಜಿಹಾಕಿದ ಅಕ್ಷರಗಳು.

"ಹಳೇ ಲ್ಯಾಪ್‌ಟಾಪಿಂದು," ಎಂದರು ಅಂಗಡಿಯವರು. "ಗುಜರೀಲಿ ಸಿಕ್ಕಿದ್ದಕ್ಕೆ ಹೊಸ ಬಟ್ಟೆ ತೊಡಿಸವ್ರೆ. ಚಾರ್ಜ್ ತುಂಬಿದ್ರೆ ಕಟ್ ಮಾಡೋಕೆ ಒಂದು ಚಿಕ್ಕ ಬೋರ್ಡ್ ಇರ್ಬೇಕು. ಅದೂ ಹಾಕಿಲ್ಲ ನೋಡಿ, ವೈರ್ ನೇರವಾಗಿ ಬೆಸುಗೆ ಹಾಕ್ಬುಟ್ಟವ್ರೆ." ಅವರು ತಲೆ ಎತ್ತಲಿಲ್ಲ. "ನಿಜ ಹೇಳ್ತೀನಿ ಮೇಡಂ, ಒಳಗಡೆ ಏನೈತೆ ಅಂತ ನಂಗೂ ಗೊತ್ತಿರ್ಲಿಲ್ಲ. ಡಬ್ಬ ಬರ್ತದೆ, ಡಬ್ಬ ಮಾರ್ತೀನಿ. ಎಲ್ಲಾ ವಾಪಸ್ ತಂದ್ಕೊಡಿ. ಒಂದನ್ನೂ ಮನೇಲಿ ಇಟ್ಕೋಬೇಡಿ."

ವಾಪಸ್ ತಂದುಕೊಡಿ ಎಂದು ಅವರು ಸುಲಭವಾಗಿ ಹೇಳಿದರು. ಆ ಮಧ್ಯಾಹ್ನದಿಂದ ನನ್ನ ಪೀಕಲಾಟ ಶುರುವಾಯಿತು. ಶಾಂತಿಗೆ ಕರೆದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಗ್ರೂಪಿನಲ್ಲಿ ಒಂದು ಮೆಸೇಜು ಹಾಕಿದರೆ ಸಾಲದೇ ಎಂದರು ಇವರು. ಹಾಕಿದೆ, ಹನ್ನೊಂದು ಜನ ಕೈಮುಗಿಯುವ ಚಿತ್ರ ಕಳಿಸಿದರು, ಮೂರು ಜನ ಶುಭೋದಯ ಎಂದರು. ಆದ್ದರಿಂದ ಫೋನೇ ಗತಿ. ನಾನು ತಪ್ಪು ಮಾಡಿದ್ದು ಮೊದಲ ಮಾತಿನಲ್ಲಿ. "ನಾವು ಕೊಟ್ಟ ಟಾರ್ಚು ಹೇಗಿದೆ?" ಎಂದು ಶುರುಮಾಡುತ್ತಿದ್ದೆ. ಸರಿ, ಎಲ್ಲರದೂ ಒಂದೇ ರಾಗ. "ಸೂಪರ್ ಆಗಿದೆ ಆಂಟಿ, ದಿನಾ ಯೂಸ್ ಮಾಡ್ತೀವಿ." "ಅಯ್ಯೋ, ಎಷ್ಟು ಉಪಯೋಗ ಆಯ್ತು ಅಂತೀರ!" ದಿನಾ ಬಳಸುತ್ತೀವಿ ಎಂದಾಗಲೆಲ್ಲ ಪಟ್ಟಿಯಲ್ಲಿ ಆ ಹೆಸರಿಗೆ ಟಿಕ್ ಹಾಕುತ್ತಿದ್ದೆ. ಚಾರ್ಜಿಗೆ ಹಾಕಬೇಡಿ, ಮಣ್ಣಿನ ಕುಂಡದಲ್ಲಿ ಹೊರಗಿಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದರೆ ಆ ಕಡೆ ದನಿ ಬದಲಾಗುತ್ತಿತ್ತು. ಕೊಟ್ಟ ಉಡುಗೊರೆ ವಾಪಸ್ಸು ಕೇಳುತ್ತಿದ್ದಾಳೆ, ಇವಳಿಗೇನು ಬಂತು ಎನ್ನುವ ಹಾಗೆ. ಒಬ್ಬರಂತೂ, "ನಮ್ಮದು ಚೆನ್ನಾಗೇ ಇದೆಯಲ್ಲ, ಅದನ್ಯಾಕೆ ಕೇಳ್ತೀರ?" ಎಂದು ಮುನಿಸಿಕೊಂಡೇಬಿಟ್ಟರು.

ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಇದ್ದದ್ದು ಇಟ್ಟಮಡುವಿನ ಮನೆಯದು. ಅಲ್ಲಿ ನಮ್ಮನೆಯವರ ಅಕ್ಕ, ನನ್ನ ಅತ್ತಿಗೆ ಇದ್ದಾರೆ. ಅವರ ಯಜಮಾನರಿಗೆ ಶ್ವಾಸಕೋಶದ ತೊಂದರೆ, ಮಂಚದ ಪಕ್ಕದಲ್ಲೇ ಆಕ್ಸಿಜನ್ ಮೆಷಿನ್. ಆಕ್ಸಿಜನ್ ಇರುವ ಕೋಣೆಯಲ್ಲಿ ಊದುಬತ್ತಿಯನ್ನೂ ಹಚ್ಚಬಾರದು ಎಂದು ಡಾಕ್ಟರು ಹೇಳಿದ್ದರು. ಎರಡು ದಿನ ಅತ್ತಿಗೆಯ ಫೋನು ಸಿಗಲೇ ಇಲ್ಲ, ಇವರು ಹೋಗಿ ನೋಡಿದರೆ ಇಬ್ಬರೂ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿ ಮನೆಗೆ ಬೀಗ. ಮೂರನೆಯ ದಿನ ಬೆಳಿಗ್ಗೆ ಸಿಕ್ಕಿತು.

"ಟಾರ್ಚಾ? ಚೆನ್ನಾಗಿದೆ ಕಣೇ," ಎಂದರು ಅತ್ತಿಗೆ. "ನಿಮ್ಮ ಭಾವನ ಮಂಚದ ಪಕ್ಕಾನೇ ಇಟ್ಟಿದೀನಿ. ರಾತ್ರಿ ಏಳೋವಾಗ ಅದೇ ದಿಕ್ಕು."

ನಾನು ಏನು ಹೇಳಿದೆನೋ ನೆನಪಿಲ್ಲ. ಮುಟ್ಟಬೇಡಿ, ಬಂದೆ ಎಂದಿರಬೇಕು. ಇವರು ಆವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಕಣ್ಣಿಗೆ ಹನಿ ಬಿಟ್ಟುಕೊಂಡು ಕೂತವರು ಸ್ಕೂಟರ್ ಓಡಿಸುವಂತಿಲ್ಲ. ಉಟ್ಟ ಸೀರೆಯಲ್ಲೇ ಆಟೋ ಹತ್ತಿದೆ, ಸ್ಟೀಲ್ ಡಬ್ಬ ಮರಳು ಸಮೇತ ಮಡಿಲಲ್ಲಿ. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿ, "ಏನಕ್ಕ, ಕಾಶಿಗೆ ತಗೊಂಡೋಗೋದಾ?" ಎಂದ. ಅಸ್ಥಿ ಎಂದುಕೊಂಡಿದ್ದ. "ಸುಮ್ನೆ ಓಡ್ಸಪ್ಪ," ಎಂದೆ.

ಮೆಟ್ಟಿಲು ಹತ್ತಿ ಒಳಗೆ ಹೋದವಳೇ ಭಾವನ ಕೋಣೆಗೆ ನುಗ್ಗಿದೆ. ಅವರು ಮೂಗಿಗೆ ನಳಿಗೆ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಮಂಚದ ಪಕ್ಕದಲ್ಲಿ ಮೆಷಿನ್ನು, ನೀರಿನ ಲೋಟ, ಕನ್ನಡಕದ ಡಬ್ಬಿ. ಟಾರ್ಚಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದೆ. ದಿಂಬು ಎತ್ತಿದೆ. ಭಾವ ಪಾಪ, ಏನೂ ಕೇಳದೆ ತಲೆ ಎತ್ತಿಕೊಟ್ಟರು.

"ಎಲ್ಲಿದೆ ಅತ್ತಿಗೆ?"

ಅತ್ತಿಗೆ ಬಾಗಿಲಲ್ಲೇ ನಿಂತು ಸೆರಗಿನ ಅಂಚು ಸುತ್ತುತ್ತಿದ್ದರು. "ಇಲ್ಲ," ಎಂದರು.

"ಇಲ್ಲ ಅಂದ್ರೆ? ಮಂಚದ ಪಕ್ಕದಲ್ಲಿದೆ ಅಂದ್ರಲ್ಲ!"

"ನೀನು ಹೇಗಿದೆ ಅಂತ ಕೇಳಿದ್ರೆ ಇನ್ನೇನು ಹೇಳ್ಲಿ? ಬೇಜಾರು ಮಾಡ್ಕೋತೀಯ ಅಂತ ಹಾಗಂದೆ. ನಾನು ಅದನ್ನ ಬಿಚ್ಚೇ ಇಲ್ಲ ಕಣೇ. ವೈಶಾಖದಲ್ಲಿ ನಮ್ಮ ಪಕ್ಕದ ಮನೆಯವರು ಕತ್ರಿಗುಪ್ಪೇಲಿ ಫ್ಲ್ಯಾಟ್ ತಗೊಂಡು ಗೃಹಪ್ರವೇಶ ಮಾಡಿದ್ರಲ್ಲ, ಅವ್ರಿಗೆ ಕೊಟ್ಟೆ." ಸ್ವಲ್ಪ ತಡೆದು, "ಸ್ಟಿಕ್ಕರ್ ಉಗುರಲ್ಲಿ ಕೆರೆದು ತೆಗ್ದೆ. ಪೂರ್ತಿ ಬರ್ಲಿಲ್ಲ," ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ದಿನದಿಂದ ಆ ಮಂಚದ ಪಕ್ಕದ ಟಾರ್ಚನ್ನು ನೆನೆದು ನೆನೆದು ಅನ್ನ ಸೇರಿರಲಿಲ್ಲ, ಇಲ್ಲಿ ನೋಡಿದರೆ ಟಾರ್ಚೇ ಇಲ್ಲ. ತಕ್ಷಣವೇ ಇನ್ನೊಂದು ಯೋಚನೆ ಬಂತು. ಹಾಗಾದರೆ ಫೋನಿನಲ್ಲಿ ಸೂಪರ್ ಎಂದವರೆಲ್ಲ ಏನು ಮಾಡಿರಬಹುದು? ನನ್ನ ಪಟ್ಟಿಯಲ್ಲಿ ಟಿಕ್ ಹಾಕಿದ ಮನೆಗಳಲ್ಲಿ ಎಷ್ಟು ಮನೆಯಲ್ಲಿ ನಿಜವಾಗಿ ಟಾರ್ಚಿದೆ?

"ಅತ್ತಿಗೆ, ಅವ್ರಿಗೆ ಫೋನ್ ಮಾಡಿ. ಹೇಗಿದೆ ಅಂತ ಕೇಳ್ಬೇಡಿ. ಬೆಂಕಿ ಹತ್ಕೊಳ್ಳೋ ಟಾರ್ಚು ಅಂತ ಮೊದ್ಲೇ ಹೇಳಿ, ಎಲ್ಲಿದೆ ಅಂತ ಕೇಳಿ."

ಅತ್ತಿಗೆ ಜನ್ಮದಲ್ಲಿ ಯಾರನ್ನೂ ಅಷ್ಟು ನೇರವಾಗಿ ಕೇಳಿದವರಲ್ಲ. ಬೆವರುತ್ತಾ ಕೇಳಿದರು. ಸ್ಪೀಕರಿನಲ್ಲಿ ಕತ್ರಿಗುಪ್ಪೆಯಾಕೆಯ ದನಿ ಕೋಣೆ ತುಂಬ ಕೇಳಿಸಿತು.

"ಅಯ್ಯೋ ಆ ಟಾರ್ಚಾ? ನಮ್ಮನೇಲಿಲ್ಲ ಕಣ್ರೀ. ಬೇಜಾರು ಮಾಡ್ಕೋಬೇಡಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆ ಕರ್ದಿದ್ನಲ್ಲ, ನಿಮ್ಜೊತೆ ನಿಮ್ಮ ತಮ್ಮನ ಹೆಂಡ್ತೀನೂ ಬಂದಿದ್ರು. ಅವ್ರಿಗೇ ಕೊಟ್ಟೆ, ಬ್ಲೌಸ್ ಪೀಸ್ ಕೆಳಗಿಟ್ಟು."

ಅತ್ತಿಗೆ ನನ್ನ ಮುಖ ನೋಡಿದರು.

ನೆನಪಾಯಿತು. ಶ್ರಾವಣದ ಆ ಸಂಜೆ, ಗುಲಾಬಿ ಬಣ್ಣದ ಚೀಲ. ಬ್ಲೌಸ್ ಪೀಸಿನ ಕೆಳಗೆ ಏನೋ ಭಾರವಾದ ಡಬ್ಬ. ಮನೆಗೆ ಬಂದು ಬ್ಲೌಸ್ ಪೀಸ್ ತೆಗೆದುಕೊಂಡು, ಡಬ್ಬವನ್ನು ಚೀಲದ ಸಮೇತ ಬೀರುವಿನ ಮೇಲಿನ ತಟ್ಟಿಗೆ ಎಸೆದಿದ್ದೆ. ಬಿಚ್ಚಲಿಲ್ಲ. ಬಗ್ಗಿ ಕೂಡ ನೋಡಲಿಲ್ಲ. ಗಣೇಶನ ಹಬ್ಬವಾದ ಮೇಲೆ ಮಗಳನ್ನು ಕಳಿಸುವಾಗ, ಅಂಟಿನುಂಡೆಯ ಡಬ್ಬ, ಮಗುವಿನ ಬಟ್ಟೆ, ಸ್ನಾನದ ಪುಡಿ ಎಲ್ಲ ತುಂಬಿ, ಚೀಲದಲ್ಲಿ ಇನ್ನೂ ಜಾಗವಿದೆಯಲ್ಲ ಎಂದು ಬೀರುವಿನ ತಟ್ಟಿನಿಂದ ಎರಡು ಮೂರು ಡಬ್ಬ ಇಳಿಸಿ ತುರುಕಿದ್ದೆ. "ಸಂಸಾರಕ್ಕೆ ಏನಾದ್ರೂ ಬೇಕಾಗತ್ತೆ, ಇಟ್ಕೋ," ಎಂದಿದ್ದೆ.

ಮಗಳಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮಗು ಮಲಗಿದಾಗ ಅವಳು ಫೋನಿನ ಸದ್ದು ಆರಿಸಿಡುತ್ತಾಳೆ ಎಂದು ಗೊತ್ತು. ಗೊತ್ತಿದ್ದೂ ಒಂಬತ್ತು ಸಲ ಮಾಡಿದೆ. ಅಳಿಯ ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ಮೆಸೇಜು ಕಳಿಸಿದ. ಮತ್ತೆ ಆಟೋ, ಮತ್ತೆ ಮಡಿಲಲ್ಲಿ ಸ್ಟೀಲ್ ಡಬ್ಬ. ಬನಶಂಕರಿ ದಾಟುವವರೆಗೆ ಪರವಾಗಿಲ್ಲ. ಸಾರಕ್ಕಿ ಸಿಗ್ನಲಿನಲ್ಲಿ ನಿಂತೆವು ನೋಡಿ, ಮೂರು ಸಲ ಹಸಿರು ಬಂದರೂ ಗಾಡಿ ಮುಂದೆ ಹೋಗಲಿಲ್ಲ. ಎಡಕ್ಕೆ ಆ ಅಂಗಡಿ ಕಾಣುತ್ತಿತ್ತು. ಹೊಸ ಡಬ್ಬಗಳನ್ನು ಯಾರೋ ಇಳಿಸುತ್ತಿದ್ದರು. ಇಳಿದು ಓಡಿಬಿಡಲೇ ಎನಿಸಿತು. ಅರವತ್ತು ಜನರಿಗೆ ಫೋನ್ ಮಾಡಿ, ನೀವು ಚೆಕ್ ಮಾಡಿ, ನೀವು ನೋಡಿ ಎಂದು ಜೋರು ಮಾಡಿದವಳು ನಾನು. ನನ್ನ ಬೀರು ತೆಗೆದು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಆ ಬಿಸ್ಕತ್ತಿನ ದಿನ ಮಗಳ ಮುಖ ಹೇಗೆ ಊದಿತ್ತೋ ಅದೇ ಮುಖ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು, ಕೂಸಿನ ಮುಖವೂ ಅದರ ಜೊತೆ ಸೇರಿಕೊಂಡಿತು. ದೇವರ ಹೆಸರು ಹೇಳಲು ಹೋದರೆ ಬಾಯಿಗೆ ಬರಲಿಲ್ಲ.

ಮಗಳ ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟು ಬರುವವರೆಗೆ ಕಾಯಲಾರದೆ ಮೆಟ್ಟಿಲು ಹತ್ತಿದೆ. ಬೆಲ್ಲಿನ ಮೇಲೆ ಒಂದು ಚೀಟಿ ಅಂಟಿಸಿದ್ದಳು: ಮಗು ಮಲಗಿದೆ, ದಯವಿಟ್ಟು ಬೆಲ್ ಒತ್ತಬೇಡಿ. ಒತ್ತಿ ಹಿಡಿದೆ.

ಮಗಳು ಬಾಗಿಲು ತೆಗೆದಳು, ಕೂದಲು ಕೆದರಿಕೊಂಡು, ಕಣ್ಣಲ್ಲಿ ನಿದ್ದೆ. "ಅಮ್ಮ! ಈಗ ತಾನೇ ಮಲಗ್ಸಿದ್ದೆ."

ಅವಳನ್ನು ತಳ್ಳಿಕೊಂಡೇ ಒಳಗೆ ಹೋದೆ. ಕೋಣೆಯ ಪರದೆ ಎಳೆದು ಮಬ್ಬು ಮಾಡಿದ್ದಳು. ತೊಟ್ಟಿಲಲ್ಲಿ ಮಗು ಎರಡೂ ಕೈ ತಲೆಯ ಮೇಲೆತ್ತಿ ಮಲಗಿತ್ತು. ತೊಟ್ಟಿಲಿನ ಹಿಂದೆ, ಗೋಡೆಯ ಪ್ಲಗ್ಗಿನ ಕೆಳಗೆ, ಮಡಿಸಿಟ್ಟ ಹಳೆಯ ಪಂಚೆಯ ಲಂಗೋಟಿಗಳ ರಾಶಿ. ಅದರ ಮೇಲೆ ಕಪ್ಪು ಟಾರ್ಚು, ಕೆಂಪು ದೀಪ ಹೊತ್ತಿಸಿಕೊಂಡು ಚಾರ್ಜಾಗುತ್ತಿತ್ತು.

ವೈರು ಕಿತ್ತೆ. ಟಾರ್ಚು ಬಿಸಿಯಾಗಿತ್ತು. ಗೆರೆ ಉಬ್ಬಿತ್ತೋ, ನನ್ನ ಕಣ್ಣಿಗೆ ಹಾಗೆ ಕಂಡಿತೋ, ಇವತ್ತಿಗೂ ಹೇಳಲಾರೆ. ಸ್ಟೀಲ್ ಡಬ್ಬಕ್ಕೆ ಹಾಕಿ ಮರಳು ಮುಚ್ಚಿ ಬಾಲ್ಕನಿಯ ತುದಿಯಲ್ಲಿಟ್ಟು, ಬಾಗಿಲು ಹಾಕಿಕೊಂಡು ಬಂದೆ. ತೊಟ್ಟಿಲಿನ ಪಕ್ಕದ ನೆಲದಲ್ಲೇ ಕೂತು ಅತ್ತೆ. ಸದ್ದಿಗೆ ಮಗು ಎದ್ದು ನನ್ನನ್ನು ನೋಡಿ ಅದೂ ಶುರು ಮಾಡಿತು.

ಮಗಳು ಮಗುವನ್ನು ಎತ್ತಿಕೊಂಡು ನನ್ನೆದುರು ಕೂತಳು. ನೀರು ಕೊಟ್ಟಳು. ನಾನು ಮೊದಲಿನಿಂದ ಎಲ್ಲ ಹೇಳಿದೆ. ಟಾರ್ಚಿನ ಖಾಲಿ ಡಬ್ಬ ಕಪಾಟಿನಲ್ಲಿತ್ತು, ತಂದಳು. ಮೇಲೆ ಉಗುರಿನಲ್ಲಿ ಕೆರೆದ ಗುರುತು, ಮೂಲೆಯಲ್ಲಿ ಚಿನ್ನದ ಬಣ್ಣದ ಒಂದು ಚೂರು ಹಾಗೇ ಉಳಿದಿತ್ತು. "ಅಪ್ಪನ ಶಾಂತೀದು ಉಳಿದಿತ್ತೇನೋ ಅಂದ್ಕೊಂಡಿದ್ದೆ. ರಾತ್ರಿ ಹಾಲು ಕುಡಿಸೋವಾಗ ಸಣ್ಣ ಬೆಳಕಿಗೆ ಅನುಕೂಲವಾಗಿತ್ತು," ಎಂದಳು.

ನನಗೆ ತಡೆಯಲಾಗಲಿಲ್ಲ. ಕೋಪ ಯಾರ ಮೇಲೋ, ಹೊರಟದ್ದು ಅವಳ ಮೇಲೆ. "ಏನೇ ತಗೊಂಡ್ರೂ ಇದ್ರಲ್ಲಿ ಏನಿದೆ ಅಂತ ಕೇಳ್ತಿದ್ದೆಯಲ್ಲ, ಅಷ್ಟು ಕಲಿಸಿದ್ನಲ್ಲ. ಮಗು ಪಕ್ಕ ಇಡೋ ಮುಂಚೆ ಒಂದು ಮಾತು ಕೇಳ್ಬಾರದಾಗಿತ್ತಾ?"

ಅವಳು ಮಗುವಿನ ಬೆನ್ನು ತಟ್ಟುತ್ತಾ ನನ್ನನ್ನು ನೋಡಿದಳು. ಅವಳಿಗೆ ಕೋಪವೇನೂ ಇರಲಿಲ್ಲ.

"ನೀನು ಕೊಟ್ಟಿದ್ದಲ್ವಾ ಅಮ್ಮ," ಎಂದಳು. "ಅದಕ್ಕೇ ಕೇಳ್ಲಿಲ್ಲ."

ನಾನು ಆ ಸಂಜೆ ಮನೆಗೆ ಬಂದು ದೇವರ ದೀಪವನ್ನೂ ಹಚ್ಚದೆ ಬೀರುವಿನ ಮೇಲಿನ ತಟ್ಟಿನಿಂದ ಎಲ್ಲ ಡಬ್ಬಗಳನ್ನೂ ಇಳಿಸಿ, ಹಾಲಿನ ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿ ನೋಡಿದೆ. ಮಾರನೆಯ ಬೆಳಿಗ್ಗೆ ಶಾಂತಿಯ ಪಟ್ಟಿಯನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಹೇಗಿದೆ ಎಂದು ಕೇಳಲಿಲ್ಲ. ನಾನು ಕೊಟ್ಟ ಟಾರ್ಚಿನೊಳಗೆ ಹಳೆಯ ಬ್ಯಾಟರಿ ಇದೆ, ಅದನ್ನು ನಾನು ನೋಡದೆ ಕೊಟ್ಟೆ, ನನ್ನ ಮಗಳಿಗೂ ನೋಡದೆ ಕೊಟ್ಟೆ, ನೀವು ಯಾರಿಗೆ ಕೊಟ್ಟಿದ್ದರೂ ಹೇಳಿಬಿಡಿ, ನನಗೆ ಬೇಸರವಿಲ್ಲ ಎಂದೆ. ಆಮೇಲೆ ಜನ ನಿಜ ಹೇಳಿದರು. ನಲವತ್ತೇಳು ಟಾರ್ಚುಗಳು ಸಾರಕ್ಕಿಯ ಅಂಗಡಿಗೆ ವಾಪಸ್ಸು ಹೋದವು. ಉಳಿದವು ಎಲ್ಲಿವೆಯೋ ನನಗೆ ಗೊತ್ತಿಲ್ಲ. ಈಗಲೂ ಕರೆಂಟು ಹೋಗಿ ಎದುರು ಸಾಲಿನ ಯಾವುದಾದರೂ ಕಿಟಕಿಯಲ್ಲಿ ಬಿಳಿ ಬೆಳಕು ಕಂಡರೆ, ಕರೆಂಟು ಬರುವವರೆಗೆ ನಾನು ಆ ಕಿಟಕಿಯನ್ನೇ ನೋಡುತ್ತಾ ನಿಂತಿರುತ್ತೇನೆ.